ನಟ್ ಬಿಚ್ಚಿದರೂ ಚಕ್ರ ಬರುತ್ತಿಲ್ಲ: ಹಬ್‌ಗೆ ಕಚ್ಚಿಕೊಂಡ ಕಾರಿನ ಚಕ್ರವನ್ನು ಮನೆಯಲ್ಲೇ ಬಿಡಿಸುವುದು ಹೇಗೆ?

ಮಲ್ಪೆ_ಗಾಳಿ

ಕಾರು ಸ್ವಿಫ್ಟ್, ಕಂಪನಿಯದೇ ಅಲಾಯ್, ಟೈರು 185/65 ಆರ್15. ಮುಂದಿನ ಎಡ ಚಕ್ರ ಪಂಕ್ಚರ್. ನಾಲ್ಕು ನಟ್ಟೂ ಸಲೀಸಾಗಿ ಬಂದವು, ಚಕ್ರ ಮಾತ್ರ ಹಬ್‌ಗೆ (ಚಕ್ರ ಕೂರುವ, ಅದರ ಜೊತೆ ತಿರುಗುವ ಬುಡಕ್ಕೆ) ಬೆಸುಗೆ ಹಾಕಿದ ಹಾಗೆ ಕೂತಿದೆ. ತುಕ್ಕು ಬಿಡಿಸುವ ಸ್ಪ್ರೇ ಎಣ್ಣೆ ಡಬ್ಲ್ಯುಡಿ-40 ಅರ್ಧ ಡಬ್ಬಿ ಖಾಲಿಯಾಯ್ತು, ಏನೂ ಆಗಲಿಲ್ಲ. ನಾಲ್ಕು ವರ್ಷದಿಂದ ಈ ಚಕ್ರ ಬಿಚ್ಚಿಲ್ಲ. ಕಾರು ಈಗ ಜಾಕ್ ಮೇಲೇ ಇದೆ. ಸುತ್ತಿಗೆಯಿಂದ ಒಳಗಿನಿಂದ ರಿಮ್ಮಿಗೆ ಬಡಿಯಬಹುದಾ? ಗೊತ್ತಿದ್ದವರು ಬೇಗ ಹೇಳಿ ಮಾರಾಯ್ರೆ.

ಪಾನಾ_ಪೆಟ್ಟಿಗೆ

ಬೇಡ ಸರ್, ರಿಮ್ಮಿಗೆ ಒಂದೇಟೂ ಬೇಡ. ಅಲಾಯ್ ಎರಕದ ಲೋಹ. ಅಂಚಿಗೆ ಕಬ್ಬಿಣದ ಸುತ್ತಿಗೆ ಬಿದ್ದರೆ ಕಣ್ಣಿಗೆ ಕಾಣದ ಬಿರುಕು ಬಿಡಬಹುದು, ಟ್ಯೂಬ್‌ಲೆಸ್ ಟೈರಿನ ಗಾಳಿ ಆಮೇಲೆ ಅಲ್ಲಿಂದಲೇ ಸೋರುತ್ತದೆ. ಉಕ್ಕಿನ ರಿಮ್ ಆಗಿದ್ದರೆ ಅಂಚು ಬಾಗುತ್ತದೆ.

ಮೊದಲ ಕೆಲಸ, ಬಿಚ್ಚಿದ ನಾಲ್ಕು ನಟ್ಟನ್ನೂ ಕೈಯಲ್ಲೇ ವಾಪಸ್ ಹಾಕಿ. ಪೂರ್ತಿ ಕೂತ ಮೇಲೆ ಪ್ರತಿಯೊಂದನ್ನೂ ಮೂರು ಸುತ್ತು ಹಿಂದಕ್ಕೆ ತಿರುಗಿಸಿ. ನಿಮ್ಮ ಸ್ಟಡ್ (ಹಬ್‌ನಿಂದ ಹೊರಚಾಚಿದ, ನಟ್ ಕೂರುವ ತಿರುಪು) ಎಂ12, ಪಿಚ್ (ಒಂದು ಸುತ್ತಿಗೆ ನಟ್ ಸರಿಯುವ ದೂರ) 1.25 ಮಿ.ಮೀ. ಅಂದರೆ ಮೂರು ಸುತ್ತಿಗೆ ನಟ್ಟಿಗೂ ರಿಮ್ಮಿಗೂ ನಡುವೆ 3.75 ಮಿ.ಮೀ. ಸಂದು. ಚಕ್ರ ಬಿಟ್ಟುಕೊಳ್ಳಲು ಅಷ್ಟು ಸಾಕು, ಕಳಚಿ ಬೀಳಲು ಸಾಲದು. ಕಚ್ಚಿಕೊಂಡ ಚಕ್ರ ನಿಧಾನಕ್ಕೆ ಬಿಡುವುದಿಲ್ಲ, 'ಠಣ್' ಅಂತ ಒಮ್ಮೆಲೇ ಬಿಡುತ್ತದೆ. ನಟ್ ಇಲ್ಲದಿದ್ದರೆ ಟೈರು ಸಮೇತ 16–18 ಕೆ.ಜಿ. ಭಾರ ನಿಮ್ಮ ಕಾಲ ಮೇಲೆ ಬೀಳುತ್ತದೆ, ಆ ಕುಲುಕಿಗೆ ಕಾರು ಜಾಕ್‌ನಿಂದ ಜಾರಲೂಬಹುದು.

ಕಾರಿನ ಜೊತೆ ಬರುವ ಕತ್ತರಿ ಜಾಕ್ ಇರುವುದು ಸ್ಟೆಪ್ನಿ ಬದಲಿಸುವುದಕ್ಕೆ. ಅದರ ಮೇಲೆ ನಿಂತ ಕಾರಿಗೆ ಒದೆಯುವುದು, ಬಡಿಯುವುದು ಮಾಡಬಾರದು. ಜಾಕ್ ಸ್ಟ್ಯಾಂಡ್ (ಎತ್ತಿದ ಕಾರನ್ನು ಹೊತ್ತು ನಿಲ್ಲುವ ಗಟ್ಟಿ ಕಾಲು) ಇದ್ದರೆ ಬಾಗಿಲ ಕೆಳಗಿನ ಗಟ್ಟಿ ಜಾಗಕ್ಕೆ ಕೊಡಿ. ಇಲ್ಲದಿದ್ದರೆ ಕಾರನ್ನು ನೆಲಕ್ಕೆ ಇಳಿಸಿಯೇ ಮಾಡುವ ವಿಧಾನ ಇದೆ, ಅದನ್ನೇ ಮೊದಲು ನೋಡಿ.

ಮಲ್ಪೆ_ಗಾಳಿ

ನಟ್ ಹಾಕಿದೆ, ಮೂರು ಸುತ್ತು ಸಡಿಲ ಇಟ್ಟಿದ್ದೇನೆ. ನೆಲಕ್ಕೆ ಇಳಿಸಿ ಏನು ಮಾಡುವುದು? ಟೈರಿನಲ್ಲಿ ಗಾಳಿ ಇಲ್ಲ.

ಪಾನಾ_ಪೆಟ್ಟಿಗೆ

ಕೈಪಂಪಿನಲ್ಲೋ ಸಣ್ಣ ಕಂಪ್ರೆಸರ್‌ನಲ್ಲೋ 30 ಪಿಎಸ್‌ಐ ತುಂಬಿಸಿ. ನಿಧಾನ ಸೋರಿಕೆಯಾದರೆ ಹತ್ತು ನಿಮಿಷ ನಿಂತರೂ ಸಾಕು. ಚಪ್ಪಟೆ ಟೈರು ಏಟನ್ನೆಲ್ಲ ತಾನೇ ನುಂಗುತ್ತದೆ, ಹಬ್‌ಗೆ ಏನೂ ತಲುಪುವುದಿಲ್ಲ.

ಈಗ ಜಾಕ್ ಇಳಿಸಿ. ನಿಮ್ಮ ಕಾರಿನಲ್ಲಿ ಮುಂದಿನ ಒಂದು ಚಕ್ರದ ಮೇಲೆ 250 ಕೆ.ಜಿ.ಗಿಂತ ಹೆಚ್ಚು ಭಾರ ಬರುತ್ತದೆ. ನಟ್ ಸಡಿಲ ಇರುವುದರಿಂದ ಆ ಭಾರವೆಲ್ಲ ಚಕ್ರದ ನಡುತೂತಿನೊಳಗೆ ಚಾಚಿದ ಹಬ್‌ನ ಮೂತಿಯ ಮೇಲೆಯೇ ಕೂರುತ್ತದೆ. ಎಷ್ಟೋ ಸಲ ಟೈರು ನೆಲ ಮುಟ್ಟುವಾಗಲೇ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಎಂಜಿನ್ ಶುರು ಮಾಡಿ, ನಿಂತಲ್ಲೇ ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ಮೂರು ನಾಲ್ಕು ಸಲ ತಿರುಗಿಸಿ. ಆಮೇಲೆ ಹೊರಗೆ ನಿಂತು ಬಾಗಿಲ ಕಂಬ ಹಿಡಿದು ಕಾರನ್ನು ಅಡ್ಡಕ್ಕೆ ತೂಗಿ. ಪ್ರತಿ ಸಲ ನಟ್ ಹಿಂದಿನ ಸಂದು ನೋಡುತ್ತಿರಿ. ಚಕ್ರ ಹೊರಗೆ ಬಂದು ನಟ್ಟಿಗೆ ತಾಗಿದ್ದರೆ ಕೆಲಸ ಆಯ್ತು.

ಲೋಹದ_ಮೇಷ್ಟ್ರು

ಡಬ್ಲ್ಯುಡಿ-40 ಯಾಕೆ ಕೆಲಸ ಮಾಡಲಿಲ್ಲ ಅನ್ನುವುದು ಗೊತ್ತಾದರೆ ಮುಂದಿನದ್ದು ಸುಲಭ.

ಹಬ್ ಕಬ್ಬಿಣ, ಚಕ್ರ ಅಲ್ಯೂಮಿನಿಯಂ. ಎರಡರ ನಡುವೆ ಉಪ್ಪುನೀರು ಸೇರಿದರೆ ಅದೊಂದು ಸಣ್ಣ ಬ್ಯಾಟರಿ. ಕರಗಿ ಹೋಗುವುದು ಅಲ್ಯೂಮಿನಿಯಂ. ಆಗ ಹುಟ್ಟುವ ಬಿಳಿ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಹಬ್ ಮೂತಿಗೂ ಚಕ್ರದ ನಡುತೂತಿಗೂ ಇರುವ ಸಂದು ಕೂದಲೆಳೆಯಷ್ಟು. ಪುಡಿ ಅಲ್ಲೇ ಒತ್ತಿಕೊಂಡು ಗಾರೆಯಂತೆ ಗಟ್ಟಿಯಾಗುತ್ತದೆ. ಕಬ್ಬಿಣದ ಕಡೆಯಿಂದ ಕೆಂಪು ತುಕ್ಕೂ ಬಂದು ಸೇರುತ್ತದೆ. ವರ್ಷಕ್ಕೆ 3500 ಮಿ.ಮೀ. ದಾಟಿ ಮಳೆ ಸುರಿಯುವ, ಕಡಲ ಗಾಳಿ ಹೊಡೆಯುವ ಊರಿನಲ್ಲಿ ನಾಲ್ಕು ವರ್ಷ ಮುಟ್ಟದ ಚಕ್ರ ಹೀಗಾಗುವುದು ಸಹಜ.

ಹೀಗೆ ಒತ್ತಿ ತುಂಬಿದ ಪುಡಿಯೊಳಗೆ ಎಣ್ಣೆ ಇಳಿಯುವುದು ಬಹಳ ಕಡಿಮೆ. ನೀವು ನಟ್ ತೂತುಗಳಿಗೆ ಹೊಡೆದಿರುತ್ತೀರಿ. ಕಚ್ಚಿಕೊಂಡಿರುವುದು ಅಲ್ಲಲ್ಲ, ನಡುವೆ. ಮಧ್ಯದ ಪ್ಲಾಸ್ಟಿಕ್ ಮುಚ್ಚಳವನ್ನು ಒಳಗಿನಿಂದಲೋ ಅಂಚಿನಿಂದಲೋ ಎಬ್ಬಿಸಿ ತೆಗೆದರೆ ಮೂತಿಯ ಸುತ್ತ ಬಿಳಿ ಉಂಗುರ ಕಾಣುತ್ತದೆ. ಎಣ್ಣೆ ಅಲ್ಲಿಗೆ, ಅದೂ ನಾಲ್ಕೇ ಹನಿ. ಅರ್ಧ ಗಂಟೆ ಬಿಡಿ.

ಇನ್ನೊಂದು ಅತಿ ಮುಖ್ಯ ವಿಷಯ. ಸ್ಪ್ರೇ ಮಾಡಿದ ಅರ್ಧ ಡಬ್ಬಿ ಎಣ್ಣೆ ಬ್ರೇಕ್ ಡಿಸ್ಕ್ ಮೇಲೆ ಹರಿದಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ಚಕ್ರ ಮತ್ತು ಡಿಸ್ಕ್ ಒಂದಕ್ಕೊಂದು ಕೂರುವ ಚಪ್ಪಟೆ ಮುಖದಲ್ಲಿ ಎಣ್ಣೆ ಉಳಿದರೆ ಓಡುವಾಗ ನಟ್ ಸಡಿಲವಾಗುತ್ತದೆ. ಚಕ್ರ ಬಂದ ಮೇಲೆ ಬ್ರೇಕ್ ಕ್ಲೀನರ್ ಹಾಕಿ ಎರಡನ್ನೂ ಒರೆಸಲೇಬೇಕು. ಬ್ರೇಕ್ ಪ್ಯಾಡ್ ಎಣ್ಣೆ ಕುಡಿದಿದ್ದರೆ ಪ್ಯಾಡ್ ಬದಲಿಸಿ.

ಉಣಕಲ್_ಕೆರೆ

ಇಷ್ಟೆಲ್ಲಾ ಯಾಕ್ರಿ? ನಟ್ ಒಂದೊಂದ ಸುತ್ತ ಸಡ್ಲ ಮಾಡಿ, ಕಾರ ಎರಡ ಮೀಟರ್ ಮುಂದ ಬಿಟ್ಟು ಗಪ್ಪನ ಬ್ರೇಕ್ ಹಾಕ್ರಿ. ಆಮ್ಯಾಲ ರಿವರ್ಸ್ ತಗೊಂಡು ಮತ್ತ ಬ್ರೇಕ್. ಎರಡನೇದಕ್ಕ ಬಿಟ್ಟ ಬರ್ತೈತಿ. ಗ್ಯಾರೇಜಿನಾಗ ಹಿಂಗ ಮಾಡೋದು.

ಪಾನಾ_ಪೆಟ್ಟಿಗೆ

ಕೆಲಸ ಮಾಡುತ್ತದೆ, ಒಪ್ಪುತ್ತೇನೆ. ಆದರೆ ಇದು ಕೊನೆಯ ಉಪಾಯ ಆಗಿರಲಿ. ಚಕ್ರ ಬಿಟ್ಟ ಕ್ಷಣದಲ್ಲಿ ಬ್ರೇಕಿನ ಎಳೆತವೆಲ್ಲ ಸ್ಟಡ್‌ಗಳ ಮೇಲೆ ಅಡ್ಡಕ್ಕೆ ಬೀಳುತ್ತದೆ. ಸ್ಟಡ್ ಇರುವುದು ಉದ್ದಕ್ಕೆ ಎಳೆದು ಹಿಡಿಯುವುದಕ್ಕೆ, ಅಡ್ಡ ಹೊಡೆತ ತಿನ್ನುವುದಕ್ಕಲ್ಲ. ರಿಮ್‌ನ ತೂತಿನ ಅಂಚು ಥ್ರೆಡ್ ಮೇಲೆ ಬಡಿದು ಥ್ರೆಡ್ ಚಪ್ಪಟೆಯಾಗುತ್ತದೆ. ಅಲಾಯ್‌ನಲ್ಲಿ ನಟ್ ಕೂರುವ 60 ಡಿಗ್ರಿ ಇಳಿಜಾರೂ ಜಜ್ಜುತ್ತದೆ.

ಮಾಡುವುದೇ ಆದರೆ ನಟ್ ಒಂದು ಸುತ್ತಿಗಿಂತ ಹೆಚ್ಚು ಸಡಿಲ ಬೇಡ. ಸಮತಟ್ಟು ನೆಲದಲ್ಲಿ ನಡಿಗೆಯ ವೇಗ, ಒಂದೆರಡು ಮೀಟರ್ ಅಷ್ಟೇ. ಮುಂದೆ ಹಿಂದೆ ಮಕ್ಕಳು, ನಾಯಿ, ಗೋಡೆ ಇರಬಾರದು. ಒಂದೊಂದು ಸಲಕ್ಕೂ ಇಳಿದು ನೋಡಿ. ರಸ್ತೆಗೆ ಮಾತ್ರ ಇಳಿಸಲೇಬೇಡಿ.

ಉಣಕಲ್_ಕೆರೆ

ಅದು ಖರೆ. ಅಲಾಯ್ ಇದ್ದರ ನಾನೂ ಮೊದಲ ಒದಿಯೋದೇ ಹೇಳ್ತೀನಿ. ಉಕ್ಕಿನ ರಿಮ್ಮಿಗೆ ಮಾತ್ರ ಬ್ರೇಕ್ ಉಪಾಯ ನಡೀತೈತಿ.

ಬೀರೂರು_ಜಂಕ್ಷನ್

ನಡುವೆ ಒಂದು ಪ್ರಶ್ನೆ. ನನಗೆ ನಟ್ಟೇ ಬಿಚ್ಚಲು ಆಗುತ್ತಿಲ್ಲ. ಐ20, ಕಾರಿನ ಜೊತೆ ಬಂದ ಎಲ್ ಪಾನಾ ಮೇಲೆ ನಿಂತರೂ ಅಲ್ಲಾಡುತ್ತಿಲ್ಲ.

ಪಾನಾ_ಪೆಟ್ಟಿಗೆ

ಲೆಕ್ಕ ನೋಡಿ. ಆ ಪಾನಾ ಉದ್ದ ಸುಮಾರು 30 ಸೆಂ.ಮೀ. 70 ಕೆ.ಜಿ. ತೂಕದವರು ತುದಿಯಲ್ಲಿ ನಿಂತರೆ ಬರುವ ತಿರುಗಿಸುವ ಬಲ 206 ನ್ಯೂಟನ್ ಮೀಟರ್. ನಿಮ್ಮ ಕಾರಿನ ನಟ್ ಬಿಗಿ ಇರಬೇಕಾದ್ದು 107ರಿಂದ 127. ಗಾಳಿ ಗನ್ನಿನಲ್ಲಿ ಲೆಕ್ಕವಿಲ್ಲದೆ ಬಿಗಿದು, ಮೇಲೆ ತುಕ್ಕು ಹಿಡಿದರೆ 206 ಕೂಡ ಸಾಲುವುದಿಲ್ಲ. 60 ಸೆಂ.ಮೀ. ಉದ್ದದ ಬ್ರೇಕರ್ ಬಾರ್ ತನ್ನಿ, ಅದೇ ತೂಕಕ್ಕೆ 410 ದಾಟುತ್ತದೆ. ಸಾಕೆಟ್ 21 ಮಿ.ಮೀ., ಆರು ಮೂಲೆಯದೇ ಇರಲಿ. ಹನ್ನೆರಡು ಮೂಲೆಯದು ನಟ್ಟಿನ ಮೂಲೆ ತಿನ್ನುತ್ತದೆ. ಬಾರ್ ಮೇಲೆ ಹಾರಬೇಡಿ, ಸಮನಾಗಿ ಭಾರ ಹಾಕಿ. ಸಾಕೆಟ್ ಕೊನೆಯವರೆಗೂ ಕೂತಿದೆಯೇ ಅಂತ ಪ್ರತಿ ನಟ್ಟಿಗೂ ನೋಡಿ. ಇದೆಲ್ಲ ಟೈರು ನೆಲದ ಮೇಲೆ ಇರುವಾಗಲೇ. ಎತ್ತಿದ ಕಾರಿನ ನಟ್ಟಿಗೆ ಅಷ್ಟು ಬಲ ಹಾಕಬಾರದು.

ಇಲ್ಲಿ ಎಣ್ಣೆ ಉಪಯೋಗಕ್ಕೆ ಬರುತ್ತದೆ. ಹಿಂದಿನ ರಾತ್ರಿಯೇ ನಟ್ಟಿನ ಬುಡಕ್ಕೆ ಎರಡು ಹನಿ ಬಿಟ್ಟಿಡಿ. ಬಿಚ್ಚಿದ ಮೇಲೆ ಸ್ಟಡ್ ಒರೆಸಿ ಒಣಗಿಸಿ.

ಮಲೆನಾಡ_ಜೀಪು

ಇದಕ್ಕೇ ಒಂದು ಮಾತು ಸೇರಿಸುತ್ತೇನೆ. ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳಲ್ಲಿ ಎಡಗಡೆಯ ಚಕ್ರಗಳಿಗೆ ಎಡ ಥ್ರೆಡ್ ಇರುತ್ತದೆ, ಹಳೆಯ ಲಾರಿಗಳಲ್ಲೂ ಉಂಟು. ಅವು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತವೆ. ಅದು ತಿಳಿಯದೆ ಪೈಪು ಸಿಕ್ಕಿಸಿ ಎಳೆದರೆ ಸ್ಟಡ್ ತುಂಡಾಗುತ್ತದೆ. ಸ್ಟಡ್ ತುದಿಯಲ್ಲೋ ನಟ್ ಮೇಲೋ ಎಲ್ ಅಂತ ಕೆತ್ತಿದೆಯೇ, ತಂತಿ ಬ್ರಷ್ಷಿನಿಂದ ಉಜ್ಜಿ ನೋಡಿ.

ಮಲ್ಪೆ_ಗಾಳಿ

ಕಾರು ಇಳಿಸಿ ಸ್ಟೀರಿಂಗ್ ತಿರುಗಿಸಿದೆ, ಅಡ್ಡಕ್ಕೆ ತೂಗಿದ್ದೂ ಆಯ್ತು. ಸಂದು ಹಾಗೆಯೇ ಇದೆ. ಪಕ್ಕದ ಮನೆಯವರಿಂದ 2 ಟನ್ ಜಾಕ್ ಸ್ಟ್ಯಾಂಡ್ ಸಿಕ್ಕಿದೆ. ಇನ್ನು ಒದೆಯಬಹುದಲ್ಲ?

ಪಾನಾ_ಪೆಟ್ಟಿಗೆ

ಒದೆಯಿರಿ, ಆದರೆ ಲೆಕ್ಕ ಹಾಕಿ ಒದೆಯಿರಿ.

ಹಿಂದಿನ ಎರಡೂ ಚಕ್ರಕ್ಕೆ ಮುಂದೆ ಹಿಂದೆ ಮರದ ಅಡೆ ಕೊಡಿ, ಇಟ್ಟಿಗೆ ಬೇಡ, ಪುಡಿಯಾಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯಿರಿ. ಮುಂದಿನ ಒಂದು ಚಕ್ರ ಗಾಳಿಯಲ್ಲಿದ್ದಾಗ ಗೇರಿನ ಹಿಡಿತ ನಂಬಬೇಡಿ, ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು) ಮೂಲಕ ಎತ್ತಿದ ಚಕ್ರ ತಿರುಗಿ ನೆಲದಲ್ಲಿರುವ ಚಕ್ರ ಸ್ವತಂತ್ರವಾಗುತ್ತದೆ. ಟೈರು ನೆಲದಿಂದ 2–3 ಸೆಂ.ಮೀ. ಮಾತ್ರ ಮೇಲಿರಲಿ. ಸ್ಟೆಪ್ನಿಯನ್ನು ಬಾಗಿಲ ಕೆಳಗೆ ಮಲಗಿಸಿಡಿ. ಕಾರು ಜಾರಿದರೂ ಅದರ ಮೇಲೆ ನಿಲ್ಲುತ್ತದೆ. ಯಾವ ಕಾರಣಕ್ಕೂ ಕಾರಿನ ಕೆಳಗೆ ತಲೆ, ಕೈ ತೂರಿಸಬೇಡಿ.

ಗಟ್ಟಿ ಶೂ ಹಾಕಿ ಚಕ್ರದ ಎದುರು ನೆಲದಲ್ಲಿ ಕೂತು, ಅಂಗೈ ಹಿಂದಕ್ಕೆ ಊರಿ, ಹಿಮ್ಮಡಿಯಿಂದ ಟೈರಿನ ರಬ್ಬರಿಗೇ ಒದೆಯಬೇಕು. ಮೊದಲು ಬಲಗಡೆಯ ಅಂಚಿಗೆ, ಆಮೇಲೆ ನೇರ ಎದುರಿನ ಎಡ ಅಂಚಿಗೆ. ಒಂದು ಕಡೆ ಒಳಕ್ಕೆ ಹೋದರೆ ಎದುರು ಕಡೆ ಹೊರಕ್ಕೆ ಬರುತ್ತದೆ. ನಾಲ್ಕೈದು ಒದೆತಕ್ಕೆ ಒಮ್ಮೆ ಚಕ್ರವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಶುರು.

ನಿಮ್ಮ ಟೈರಿನ ತ್ರಿಜ್ಯ 31 ಸೆಂ.ಮೀ., ಕಚ್ಚಿಕೊಂಡ ಮೂತಿಯ ತ್ರಿಜ್ಯ 2.7 ಸೆಂ.ಮೀ. ಅಂದರೆ ಅಂಚಿಗೆ ಕೊಟ್ಟ ಬಲ ಮೂತಿಯ ಹತ್ತಿರ ಹನ್ನೊಂದು ಪಟ್ಟಿಗೂ ಹೆಚ್ಚು ಸನ್ನೆಯಾಗಿ ಕೆಲಸ ಮಾಡುತ್ತದೆ. ನಟ್ಟಿನ ಹತ್ತಿರ ಎಷ್ಟು ಬಡಿದರೂ ಈ ಲಾಭ ಸಿಗುವುದಿಲ್ಲ.

ಟೊರಾಂಟೊ_ಹಿಮ

ಇಲ್ಲಿ ಚಳಿಗಾಲದುದ್ದಕ್ಕೂ ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಾಗಾಗಿ ಈ ಕಾಟ ಮನೆಮನೆಯದ್ದು. ಒದೆತಕ್ಕೂ ಬಗ್ಗದ ಚಕ್ರಕ್ಕೆ ಮರದ ತುಂಡು ಮತ್ತು ದೊಡ್ಡ ಸುತ್ತಿಗೆ ಬೇಕು.

3 ಇಂಚು 2 ಇಂಚಿನ ರೀಪು, 60 ಸೆಂ.ಮೀ. ಉದ್ದ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿದರೆ ಮುಂದಿನ ಟೈರಿನ ಒಳಮೈ ಹೊರಗಿನಿಂದಲೇ ಕೈಗೆ ಸಿಗುತ್ತದೆ. ರೀಪಿನ ತುದಿಯನ್ನು ಟೈರಿನ ಒಳಗೋಡೆಗೆ, ರಿಮ್ಮಿನ ಅಂಚಿಗೆ ಆದಷ್ಟು ಹತ್ತಿರ ಆದರೆ ರಬ್ಬರಿನ ಮೇಲೇ ಇಟ್ಟು, ಹಿಂದಿನಿಂದ 2–3 ಕೆ.ಜಿ. ಸುತ್ತಿಗೆಯಿಂದ ಹೊಡೆಯಿರಿ. ಎರಡು ಏಟು, ಕಾಲು ಸುತ್ತು, ಮತ್ತೆ ಎರಡು ಏಟು. ಒಂದೇ ಜಾಗಕ್ಕೆ ಹತ್ತು ಏಟು ಹೊಡೆಯುವುದಕ್ಕಿಂತ ಸುತ್ತ ಎರಡೆರಡು ಏಟು ಬಹಳ ಮೇಲು. ರೀಪು ಜಾರಿದರೆ ಎಲ್ಲಿಗೆ ಬಡಿಯುತ್ತದೆ ಅಂತ ಮೊದಲೇ ನೋಡಿಕೊಳ್ಳಿ. ಬ್ರೇಕ್ ಹೋಸ್, ಎಬಿಎಸ್ ವೈರು, ಟೈ ರಾಡ್ ಎಲ್ಲ ಅಲ್ಲೇ ಇರುತ್ತವೆ. ಡಿಸ್ಕ್ ಹಿಂದಿನ ತಗಡಿಗೂ ಚಕ್ರಕ್ಕೂ ನಡುವೆ ಹಾರೆ ತೂರಿಸಿ ಮೀಟುವುದು ಬೇಡ, ತಗಡು ಬಾಗಿ ಡಿಸ್ಕಿಗೆ ಉಜ್ಜುತ್ತದೆ.

ಹಿಂದಿನ ಚಕ್ರಕ್ಕೆ ಸ್ಟೀರಿಂಗ್ ಸೌಲಭ್ಯ ಇಲ್ಲ. ಅದಕ್ಕೆ ಉದ್ದ ಗಳುವೊಂದನ್ನು ಕಾರಿನ ಆಚೆ ಪಕ್ಕದಿಂದ ತೂರಿಸಿ, ತುದಿಯನ್ನು ಈಚೆ ಟೈರಿನ ಒಳಗೋಡೆಗೆ ಕೊಟ್ಟು, ಆಚೆ ನಿಂತು ಹೊಡೆಯಬೇಕು. ಮೈ ಹೊರಗೇ ಇರುತ್ತದೆ.

ಬೀರೂರು_ಜಂಕ್ಷನ್

ಗ್ಯಾಸ್ ಟಾರ್ಚಿನಿಂದ ಬಿಸಿ ಮಾಡಿದರೆ ಬೇಗ ಬಿಡುತ್ತದೆ ಅಂತಾರಲ್ಲ?

ಲೋಹದ_ಮೇಷ್ಟ್ರು

ದಯವಿಟ್ಟು ಯಾರೂ ಮಾಡಬೇಡಿ. ಗಾಳಿ ತುಂಬಿದ ಟೈರಿರುವ ರಿಮ್ಮಿಗೆ ಬೆಂಕಿ ಹಿಡಿದರೆ ಒಳಗಿನ ರಬ್ಬರು ಬೆಂದು ಉರಿಯುವ ಅನಿಲ ಹುಟ್ಟುತ್ತದೆ, ಟೈರು ಸಿಡಿಯುತ್ತದೆ. ಹತ್ತಿರ ಇದ್ದವರ ಜೀವ ಹೋಗುವಂಥ ಸಿಡಿತ ಅದು. ಸಿಡಿಯದಿದ್ದರೂ ಬೇರಿಂಗಿನ ಗ್ರೀಸು ಕರಗುತ್ತದೆ, ಎಬಿಎಸ್ ಸೆನ್ಸರ್ ಸುಡುತ್ತದೆ, ಹದ ಮಾಡಿದ ಅಲಾಯ್ ಮೆತ್ತಗಾಗುತ್ತದೆ.

ಬಿಸಿನೀರು ಮಾತ್ರ ಸರಿ. ಒಂದು ಕೆಟಲ್ ಕುದಿಯುವ ನೀರನ್ನು ಅಲಾಯ್‌ನ ನಡುಭಾಗಕ್ಕೆ ನಿಧಾನವಾಗಿ ಸುರಿಯಿರಿ. ಅಲ್ಯೂಮಿನಿಯಂ ಕಬ್ಬಿಣದ ಎರಡು ಪಟ್ಟು ಹಿಗ್ಗುತ್ತದೆ. 54 ಮಿ.ಮೀ. ತೂತು 60 ಡಿಗ್ರಿ ಬಿಸಿಯೇರಿದರೆ 0.07 ಮಿ.ಮೀ.ನಷ್ಟು ಅಗಲವಾಗುತ್ತದೆ. ಕಡಿಮೆ ಅನ್ನಿಸಬಹುದು, ಆದರೆ ಪುಡಿಯ ಹಿಡಿತ ಬಿರುಕು ಬಿಡಲು ಸಾಕಾಗುತ್ತದೆ. ಹಬ್‌ಗೆ ಬಿಸಿ ತಲುಪುವ ಮೊದಲು, ಅಂದರೆ ಸುರಿದ ಕೂಡಲೇ ಒದೆಯಬೇಕು. ಓಡಿಸಿ ಬಂದ ಕಾದ ಡಿಸ್ಕಿನ ಮೇಲೆ ತಣ್ಣೀರು ಹಾಕುವುದು ಬೇರೆ ಕಥೆ, ಡಿಸ್ಕ್ ಸೊಟ್ಟಗಾಗುತ್ತದೆ, ಅದು ಬೇಡ.

ಕಾಳಿ_ಹೊಳೆ

ನನ್ನದು ಹಿಂದಿನ ಚಕ್ರ. ಹತ್ತು ದಿನ ಮಳೆಯಲ್ಲಿ ನಿಂತಿತ್ತು, ಈಗ ಕಾರು ಮುಂದೆ ಹೋಗುತ್ತಿಲ್ಲ, ಚಕ್ರ ತಿರುಗುತ್ತಲೇ ಇಲ್ಲ. ಇದಕ್ಕೂ ಒದೆಯುವುದೇ?

ಪಾನಾ_ಪೆಟ್ಟಿಗೆ

ಅಲ್ಲ, ಇದು ಬೇರೆ ಕಾಯಿಲೆ. ಅವರದು ಚಕ್ರ ಹಬ್‌ಗೆ ಕಚ್ಚಿದ್ದು, ತಿರುಗುತ್ತದೆ ಆದರೆ ಹೊರಬರುವುದಿಲ್ಲ. ನಿಮ್ಮದು ಹ್ಯಾಂಡ್‌ಬ್ರೇಕ್ ಎಳೆದಿಟ್ಟು ಬ್ರೇಕ್ ಶೂ ಡ್ರಮ್ಮಿಗೆ ತುಕ್ಕು ಹಿಡಿದು ಅಂಟಿದ್ದು. ಹ್ಯಾಂಡ್‌ಬ್ರೇಕ್ ಪೂರ್ತಿ ಬಿಡಿ, ಮೊದಲ ಗೇರಿನಲ್ಲಿ ಸ್ವಲ್ಪ ಮುಂದೆ, ರಿವರ್ಸಿನಲ್ಲಿ ಸ್ವಲ್ಪ ಹಿಂದೆ ಎಳೆಯಿರಿ. ಕ್ಲಚ್ ಸುಡುವಷ್ಟು ಬೇಡ. ಬಿಡದಿದ್ದರೆ ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಗೇರಿನಲ್ಲಿಟ್ಟು, ಹಿಂದೆ ಎತ್ತಿ ಸ್ಟ್ಯಾಂಡ್ ಕೊಡಿ. ಚಕ್ರ ತೆಗೆದು ಡ್ರಮ್ಮಿನ ಸುತ್ತ ಸಾಧಾರಣ ಸುತ್ತಿಗೆಯಿಂದ ಹದವಾಗಿ ತಟ್ಟಿ. ಡ್ರಮ್ ಎರಕದ ಕಬ್ಬಿಣ, ಜೋರಾಗಿ ಹೊಡೆದರೆ ಒಡೆಯುತ್ತದೆ. ಎಣ್ಣೆ ಇಲ್ಲಿ ಒಂದು ಹನಿಯೂ ಬೇಡ.

ಮಳೆಗಾಲದಲ್ಲಿ ಹಲವು ದಿನ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಹಾಕಬೇಡಿ. ಗೇರಿನಲ್ಲಿಟ್ಟು ಚಕ್ರಗಳಿಗೆ ಅಡೆ ಕೊಡಿ.

ಮಲ್ಪೆ_ಗಾಳಿ

ಬಂತು! ಬಿಸಿನೀರು ಹಾಕಿ, ಎರಡನೇ ಕಾಲು ಸುತ್ತಿನಲ್ಲಿ ಎಡ ಅಂಚಿಗೆ ಒದ್ದಾಗ ಬಿಟ್ಟಿತು. ನೀವು ಹೇಳಿದ ಹಾಗೆ ನಟ್ಟಿಗೆ ಬಂದು ತಾಗಿ ನಿಂತಿತು. ಮೂತಿಯ ಸುತ್ತ ಒಂದು ಬೆರಳಗಲ ಬಿಳಿ ಪೊರೆ, ಡಿಸ್ಕಿನ ಮುಖದ ಮೇಲೆ ಕೆಂಪು ಚಕ್ಕೆಗಳು. ಈಗ ಗ್ರೀಸು ಬಳಿದು ಹಾಕಿಬಿಡಲಾ?

ಪಾನಾ_ಪೆಟ್ಟಿಗೆ

ಸಂತೋಷ! ಆದರೆ ಗ್ರೀಸು ಬಳಿಯಬೇಡಿ, ನಿಜವಾದ ಕೆಲಸ ಇರುವುದೇ ಈಗ.

ಮೂತಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ. ಹೆಚ್ಚು ಪುಡಿ ಕೂರುವುದು ಮೂತಿ ಡಿಸ್ಕಿಗೆ ಸೇರುವ ಬುಡದ ಮೂಲೆಯಲ್ಲಿ. ಬ್ರಷ್ ಅಲ್ಲಿಗೆ ಹೋಗುವುದಿಲ್ಲ, ಸ್ಕ್ರೂಡ್ರೈವರ್ ತುದಿಯಿಂದ ಸುತ್ತಲೂ ಕೆರೆದು ತೆಗೆಯಿರಿ. ಆಮೇಲೆ 120 ನಂಬರಿನ ಉಜ್ಜುಕಾಗದ. ಚಕ್ರದ ನಡುತೂತಿನ ಒಳಗೆ ಬಿಳಿ ಪುಡಿ ಹೋಗುವಷ್ಟು ಮಾತ್ರ ಉಜ್ಜಿ, ಲೋಹ ತಿನ್ನಬೇಡಿ. ಅದು ಸಡಿಲವಾದರೆ ಸ್ಟೀರಿಂಗ್ ನಡುಗುತ್ತದೆ.

ಡಿಸ್ಕಿನ ಚಪ್ಪಟೆ ಮುಖ, ಚಕ್ರದ ಹಿಂಭಾಗದ ಚಪ್ಪಟೆ ಮುಖ ಎರಡೂ ಬರಿಯ ಲೋಹ ಕಾಣುವ ಹಾಗೆ ಇರಬೇಕು. ಇಲ್ಲಿ ಒಂದು ಚಕ್ಕೆ ಉಳಿದರೂ ಓಡುವಾಗ ಅದು ಪುಡಿಯಾಗಿ, ಅದರ ದಪ್ಪದಷ್ಟು ನಟ್ಟಿನ ಬಿಗಿ ಕಳೆದುಹೋಗುತ್ತದೆ. ಈ ಮುಖಗಳಿಗೆ ಗ್ರೀಸು, ಎಣ್ಣೆ, ಬಣ್ಣ ಏನೂ ಬೇಡ. ಸ್ಟಡ್ ಥ್ರೆಡ್ಡಿಗೂ ಬೇಡ. ಎಣ್ಣೆ ಹಚ್ಚಿದ ಥ್ರೆಡ್ಡಿನಲ್ಲಿ ಘರ್ಷಣೆ ಕಡಿಮೆ, ಟಾರ್ಕ್ ರೆಂಚ್ (ಬಿಗಿ ಅಳೆಯುವ ಪಾನಾ) ಅದೇ ಅಂಕಿ ತೋರಿಸಿದರೂ ಸ್ಟಡ್ ಮಿತಿಮೀರಿ ಎಳೆದುಕೊಂಡಿರುತ್ತದೆ.

ಹಚ್ಚಬೇಕಾದ ಜಾಗ ಒಂದೇ, ಮೂತಿಯ ಹೊರಮೈ. ಅಲ್ಲಿ ಆ್ಯಂಟಿ ಸೀಜ್ ಪೇಸ್ಟನ್ನು (ಲೋಹ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಬೆರಳಿನಿಂದ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿಬಿಡಿ. ಬಣ್ಣ ಕಂಡರೆ ಸಾಕು, ದಪ್ಪ ಕಾಣಬಾರದು.

ಲೋಹದ_ಮೇಷ್ಟ್ರು

ಪೇಸ್ಟ್ ಕೊಳ್ಳುವಾಗ ತಾಮ್ರದ್ದು ಬಿಟ್ಟು ಅಲ್ಯೂಮಿನಿಯಂ ಅಥವಾ ಸೆರಾಮಿಕ್ ಬೆರೆತದ್ದು ತಗೊಳ್ಳಿ. ಅಲ್ಯೂಮಿನಿಯಂ ಪಕ್ಕದಲ್ಲಿ ತಾಮ್ರ ಇಟ್ಟರೆ ಅದೇ ಬ್ಯಾಟರಿ ಮತ್ತೆ ಶುರುವಾಗಬಹುದು. ಕೊಬ್ಬರಿ ಎಣ್ಣೆ ಹಚ್ಚಬಹುದಾ ಅಂತ ಕೇಳುವವರಿದ್ದಾರೆ. ಬೇಡ, ಡಿಸ್ಕಿನ ಬಿಸಿಗೆ ತೆಳ್ಳಗಾಗಿ ಹರಿದು ಬ್ರೇಕಿಗೆ ಹೋಗುತ್ತದೆ.

ಹೊರಗಿನಿಂದ ಕೊಂಡ ಅಲಾಯ್ ಇದ್ದವರು ಇನ್ನೊಂದು ನೋಡಿ. ಮೂತಿಗೂ ತೂತಿಗೂ ನಡುವೆ ಒಂದು ಉಂಗುರ ಇರಬಹುದು. ಪ್ಲಾಸ್ಟಿಕ್ಕಿನದಾದರೆ ತೊಂದರೆ ಕಡಿಮೆ. ಅಲ್ಯೂಮಿನಿಯಂ ಉಂಗುರ ಹಬ್‌ನಲ್ಲೇ ಕಚ್ಚಿ ಉಳಿಯುತ್ತದೆ. ಅದನ್ನು ತೆಗೆಯದೆ ಬೇರೆ ಅಳತೆಯ ಸ್ಟೆಪ್ನಿ ಹಾಕಿದರೆ ಚಕ್ರ ಪೂರ್ತಿ ಕೂರುವುದಿಲ್ಲ.

ಟೊರಾಂಟೊ_ಹಿಮ

ಪಕ್ಕದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಹಾಗಾಗಿ ಅಲ್ಲಿ ಚಕ್ರ ವರ್ಷಕ್ಕೆ ಎರಡು ಸಲ ಬಿಚ್ಚಲೇಬೇಕು. ಪ್ರತಿ ಸಲ ಹಬ್ ಉಜ್ಜಿ ಹಾಕುವ ಕಾರುಗಳಲ್ಲಿ ಉಪ್ಪಿನ ರಸ್ತೆಯಲ್ಲೂ ಚಕ್ರ ಕೈಯಲ್ಲೇ ಬರುತ್ತದೆ. ಕರಾವಳಿಯವರು 10,000 ಕಿ.ಮೀ.ಗೆ ಟೈರು ಅದಲು ಬದಲು ಮಾಡಿಸುವಾಗ ಹಬ್ ಉಜ್ಜಲು ಹೇಳಿದರೆ ಸಾಕು, ಹತ್ತು ನಿಮಿಷದ ಕೆಲಸ.

ಬೀರೂರು_ಜಂಕ್ಷನ್

ಸ್ಟಡ್ ಇಲ್ಲದೆ ಬೋಲ್ಟ್ ಇರುವ ಕಾರಿಗೆ, ಉದಾಹರಣೆಗೆ ಪೋಲೊ?

ಪಾನಾ_ಪೆಟ್ಟಿಗೆ

ಅದೇ ಕ್ರಮ. ಅದರ ಬೋಲ್ಟ್ ಎಂ14, ಪಿಚ್ 1.5, ಎಲ್ಲವನ್ನೂ ಎರಡರಿಂದ ಮೂರು ಸುತ್ತು ಸಡಿಲ ಬಿಟ್ಟು ಒದೆಯಿರಿ. ಬ್ರೇಕ್ ಹಾಕುವ ಉಪಾಯ ಇದಕ್ಕೆ ಬೇಡವೇ ಬೇಡ. ಸ್ಟಡ್ ಹಾಳಾದರೆ ಸ್ಟಡ್ ಬದಲಿಸಬಹುದು, ಇಲ್ಲಿ ಥ್ರೆಡ್ ಇರುವುದು ಹಬ್‌ನ ಒಳಗೆ. ಅದು ಹಾಳಾದರೆ ಹಬ್ಬೇ ಬದಲಿಸಬೇಕಾಗಬಹುದು.

ಮಲ್ಪೆ_ಗಾಳಿ

ಉಜ್ಜಿ ಒರೆಸಿ ಸ್ಟೆಪ್ನಿ ಹಾಕಿದೆ. ಬಿಗಿ ಎಷ್ಟು? ಉಳಿದ ಮೂರು ಚಕ್ರವನ್ನೂ ಈ ಭಾನುವಾರ ಬಿಚ್ಚುತ್ತೇನೆ.

ಪಾನಾ_ಪೆಟ್ಟಿಗೆ

ಮಾರುತಿಯ ಸಣ್ಣ ಕಾರುಗಳಿಗೆ ಮಾದರಿಯ ಪ್ರಕಾರ 85ರಿಂದ 100 ನ್ಯೂಟನ್ ಮೀಟರ್, ನಿಮ್ಮ ಕೈಪಿಡಿಯಲ್ಲಿರುವ ಅಂಕಿಯೇ ಅಂತಿಮ. ಟೈರು ಗಾಳಿಯಲ್ಲಿರುವಾಗ ನಾಲ್ಕನ್ನೂ ಕೈಯಲ್ಲಿ ಕೂರಿಸಿ, 19ರ ಸಾಕೆಟ್ಟಿನಿಂದ ಎದುರು ಬದುರಾಗಿ ಸ್ವಲ್ಪ ಬಿಗಿಮಾಡಿ. ನೆಲಕ್ಕೆ ಇಳಿಸಿದ ಮೇಲೆ ಟಾರ್ಕ್ ರೆಂಚಿನಿಂದ ಎರಡು ಸುತ್ತಿನಲ್ಲಿ, ಮೊದಲು ಅರ್ಧ ಅಂಕಿಗೆ, ಆಮೇಲೆ ಪೂರ್ತಿಗೆ. ಹೊರಡುವ ಮೊದಲು ಬ್ರೇಕ್ ಪೆಡಲ್ ಎರಡು ಸಲ ಒತ್ತಿ ನೋಡಿ.

50ರಿಂದ 100 ಕಿ.ಮೀ. ಓಡಿಸಿದ ಮೇಲೆ ಚಕ್ರ ತಣ್ಣಗಿರುವಾಗ ಅದೇ ಅಂಕಿಗೆ ರೆಂಚ್ ಹಾಕಿ. ನಟ್ ಅಲುಗದೆ ಕ್ಲಿಕ್ ಬಂದರೆ ಸರಿ. ಕಾಲು ಸುತ್ತಿನಷ್ಟು ತಿರುಗಿ ಆಮೇಲೆ ಕ್ಲಿಕ್ ಬಂದರೆ ಒಳಗೆ ಚಕ್ಕೆ ಉಳಿದಿದೆ ಅಂತ ಲೆಕ್ಕ. ಮತ್ತೆ ಬಿಚ್ಚಿ ಚಪ್ಪಟೆ ಮುಖ ಉಜ್ಜಿ.